ಪರ್ವತದ ಕಾಲುದಾರಿ

ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ ಕಾಡುಗಳಲ್ಲಿ ನಡೆಯುವುದಕ್ಕೆ ಕನ್ನಡದಲ್ಲಿ ಈಗ 'ಚಾರಣ' ಎಂಬ ಶಬ್ದ ನೆಲೆಯೂರಿದೆ. ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಒಂದು ಸಣ್ಣ ನಗೆ ಬರದಿರದು. ಜೈನ ಕಾವ್ಯಗಳಲ್ಲಿ ಚಾರಣರೆಂದರೆ ನೆಲವನ್ನು ಮುಟ್ಟದೆ ಆಕಾಶದಲ್ಲಿ ಸಂಚರಿಸಬಲ್ಲ ಮುನಿಗಳು. ಪಂಪನ ಆದಿಪುರಾಣದಲ್ಲಿ ವಜ್ರಜಂಘ ಶ್ರೀಮತಿಯರು ಅಡವಿಯ ಬೀಡಿನಲ್ಲಿ ಆಹಾರದಾನ ಮಾಡುವುದು ಇಂಥ ಇಬ್ಬರು ಚಾರಣರಿಗೆ. ಕಾಲು ನೆಲಕ್ಕೆ ತಾಗದವರ ಹೆಸರು ಕೊನೆಗೆ ಕಾಲಿನಲ್ಲಿ ಬೊಕ್ಕೆ ಎದ್ದವರ ಪಾಲಿಗೆ ಬಂದುದು ಶಬ್ದಗಳ ಚರಿತ್ರೆಯಲ್ಲಿ ನಡೆಯುವ ತಮಾಷೆಗಳಲ್ಲೊಂದು.

ಶಬ್ದದ ಜೊತೆಗೆ ಒಂದು ತಿಳುವಳಿಕೆಯೂ ನಮ್ಮ ಪೇಟೆಗಳಲ್ಲಿ ಹಬ್ಬಿದೆ. ಹೊರೆ ಹೊತ್ತು ಕಾಡು ಸುತ್ತಿ ಬರುವುದು ಪಶ್ಚಿಮದವರ ವಿನೋದ, ನಾವು ಅದನ್ನು ಅವರಿಂದ ಈಚೆಗೆ ಕಲಿತೆವು, ಎಂದು. ವಿನೋದದ ಮಟ್ಟಿಗೆ ಇದು ನಿಜವಿರಬಹುದು. ಆದರೆ ಹೊರೆಗೆ ಒಂದು ಅಳತೆ, ದಾರಿಗೆ ಒಂದು ಗಡುವು, ತಂಗುವುದಕ್ಕೆ ಗೊತ್ತಾದ ನೀರಿನ ತಾಣ, ಹೊರಡುವುದಕ್ಕೂ ಮರಳುವುದಕ್ಕೂ ಒಂದು ವಿಧಿ, ಇವೆಲ್ಲ ಕೂಡಿದ ಅರಣ್ಯಯಾನವೊಂದು ನಮ್ಮ ಸೀಮೆಯಲ್ಲಿ ಶತಮಾನಗಳಿಂದ ನಡೆದು ಬಂದಿದೆ. ನಾನು ಇಲ್ಲಿ ಹೇಳಹೊರಟಿರುವುದು ಅದನ್ನೇ. ಹುಕ್ಕೇರಿ, ಗೋಕಾಕ, ಮೂಡಲಗಿಗಳ ಕಡೆಯವರು ನಲ್ಲಮಲದ ಅಡವಿಯನ್ನು ಹಾದು ಶ್ರೀಶೈಲಕ್ಕೆ ನಡೆದು ಹೋಗುವ ದಾರಿಯನ್ನು.

ಹುಕ್ಕೇರಿ ಎಂದರೆ ಹೊರಗಿನವರಿಗೆ ಆದಿಲಶಾಹಿ ಕಾಲದ ಗುಮ್ಮಟಗಳು ನೆನಪಾಗುತ್ತವೆ. ಗೋಕಾಕ ಎಂದರೆ 52 ಮೀಟರು ಕೆಳಕ್ಕೆ ಧುಮುಕುವ ಘಟಪ್ರಭೆ, ಅದರ ಮೇಲಿನ ತೂಗುಸೇತುವೆ, ಮತ್ತು ಕರದಂಟು. ನಡೆಯುವ ಚಟವುಳ್ಳವರಿಗೆ ಇಲ್ಲಿಯೂ ಜಾಗಗಳುಂಟು. ಯೋಗಿಕೊಳ್ಳದ ಬಂಡೆಗಳಿವೆ, ಮಾರ್ಕಂಡೇಯ ನದಿ ಎರಡು ನೆಗೆತದಲ್ಲಿ ಇಳಿಯುವ ಗೊಡಚಿನಮಲ್ಕಿಯ ಕಣಿವೆಯಿದೆ. ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಗಳು ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮರಳುತ್ತಿದ್ದುದು ಈ ಕಡೆಗಳಿಗೆ. ಆದರೆ ಇವು ಒಂದು ಹಗಲಿನ ನಡಿಗೆಗಳು. ಈ ಸೀಮೆಯ ದೊಡ್ಡ ನಡಿಗೆ ಮೂಡಣದ್ದು.

ನಕಾಶೆಯನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹುಕ್ಕೇರಿಯೂ ಶ್ರೀಶೈಲವೂ ಹೆಚ್ಚು ಕಡಮೆ ಒಂದೇ ಅಕ್ಷಾಂಶದ ಮೇಲಿವೆ, 16 ಡಿಗ್ರಿಯ ಗೆರೆಗೆ ತುಸು ಉತ್ತರದಲ್ಲಿ. ನಡುವಣ ದೂರ ಹಕ್ಕಿ ಹಾರಿದಂತೆ ಅಳೆದರೆ 450 ಕಿಲೋಮೀಟರು. ಕಾಲಿಗೆ 500 ಮೀರುತ್ತದೆ. ಹೀಗಾಗಿ ಹುಕ್ಕೇರಿಯಿಂದ ಹೊರಟವನು ದಿನಾ ಬೆಳಗ್ಗೆ ಹುಟ್ಟುವ ಸೂರ್ಯನಿಗೆ ಮುಖವಿಟ್ಟೇ ನಡೆಯಬೇಕು. ಇನ್ನೊಂದು ಸಂಗತಿ ನದಿಯದು. ಹಿಡಕಲ್ಲಿನಿಂದ ಇಳಿದ ಘಟಪ್ರಭೆ ಧೂಪದಾಳದ ಒಡ್ಡನ್ನು ದಾಟಿ, ಗೋಕಾಕದಲ್ಲಿ ಧುಮುಕಿ, ಮುಧೋಳದ ಮಗ್ಗುಲಲ್ಲಿ ಹರಿದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಆ ಕೃಷ್ಣೆಯೇ ಮುಂದೆ ಮಲಪ್ರಭೆ, ಭೀಮೆ, ತುಂಗಭದ್ರೆಗಳನ್ನು ಕೂಡಿಸಿಕೊಂಡು ನಲ್ಲಮಲದ ಕಮರಿಯೊಳಗೆ ಹೊಕ್ಕು ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆ ಎನಿಸಿಕೊಳ್ಳುತ್ತಾಳೆ. ಮನುಷ್ಯನೂ ಅವನ ಊರಿನ ನೀರೂ ಬೇರೆ ಬೇರೆ ದಾರಿ ಹಿಡಿದು ಒಂದೇ ಎಡೆಗೆ ಹೋಗಿ ಮುಟ್ಟುತ್ತಾರೆಂದ ಹಾಗಾಯಿತು.

ನಾನು ಕನ್ನಡ ಕಲಿಸಿದ ಮೂರು ದಶಕಗಳಲ್ಲಿ ಹಾಜರಿ ಪುಸ್ತಕವನ್ನು ಸಾವಿರಾರು ಸಲ ಓದಿದ್ದೇನೆ. ಒಂದು ತರಗತಿಯಲ್ಲಿ ಶ್ರೀಶೈಲ ಎಂಬ ಹುಡುಗರು ಇಬ್ಬರಾದರೂ ಇರುವರು. ಮಲ್ಲಪ್ಪ, ಮಲ್ಲಿಕಾರ್ಜುನ, ಮಲ್ಲವ್ವ, ಪರ್ವತಗೌಡ, ಪರ್ವತವ್ವ ಇವರಿಗಂತೂ ಲೆಕ್ಕವಿಲ್ಲ. ಊರ ಹೆಸರನ್ನೇ ಮಗನಿಗಿಡುವ ರೂಢಿ ಬೇರೆ ಕ್ಷೇತ್ರಗಳ ವಿಷಯದಲ್ಲಿ ಇಷ್ಟಾಗಿ ಕಾಣದು. ಧರ್ಮಸ್ಥಳ ಎಂದಾಗಲಿ ಉಡುಪಿ ಎಂದಾಗಲಿ ಯಾರೂ ಮಗುವನ್ನು ಕರೆಯುವುದಿಲ್ಲ. ಪರ್ವತ ಎಂಬುದಂತೂ ಶ್ರೀಶೈಲದ ಹಳೆಯ ಬಳಕೆಯ ಹೆಸರು. ಹಿರಿಯರು 'ಪರವತಕ್ಕ ಹೋಗೂದು' ಎಂದೇ ಅನ್ನುವುದು. 1794ರ ಮಾರ್ಚಿಯಲ್ಲಿ ಅಲ್ಲಿಗೆ ಹೋದ ಕಾಲಿನ್ ಮೆಕೆಂಜಿಯ ದಿನಚರಿಯ ಭಾಗ 1798ರ 'ಏಷಿಯಾಟಿಕ್ ರಿಸರ್ಚಸ್' ಸಂಪುಟದಲ್ಲಿ ಅಚ್ಚಾಯಿತು. ಅದರಲ್ಲಿ ಊರಿನ ಹೆಸರು 'ಪೆರ್ವುಟ್ಟಂ' ಎಂದಿದೆ. ಸ್ಕಾಟ್ಲೆಂಡಿನ ಒಬ್ಬ ಸೈನ್ಯಾಧಿಕಾರಿಯ ಕಿವಿಗೆ ಜನರ ಬಾಯಿಂದ ಬಿದ್ದುದು ನಮ್ಮ ಅಜ್ಜಂದಿರ ಬಾಯಲ್ಲಿದ್ದ ಆ ಪರ್ವತವೇ. ಇದೇ ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ; ದಾರಿಗಳನ್ನು ಅಳೆಯುವುದೇ ಅವನ ಕಸುಬು.

ನಮ್ಮವರು ಹೊರಡುವುದು ಶಿವರಾತ್ರಿಗಿಂತ ಹೆಚ್ಚಾಗಿ ಯುಗಾದಿಗೆ. ಇದಕ್ಕೆ ಶಾಸ್ತ್ರದಲ್ಲಿ ಕಾರಣ ಹುಡುಕಬೇಕಾಗಿಲ್ಲ, ಹೊಲದಲ್ಲಿ ಹುಡುಕಿದರೆ ಸಾಕು. ಹಿಂಗಾರಿ ಬಿಳಿಜೋಳ ಕೊಯ್ದು, ರಾಶಿ ಮಾಡಿ, ಕಣಜ ತುಂಬಿದ ಮೇಲೆ ಮುಂಗಾರಿನ ಹದಕ್ಕೆ ಕಾಯುವ ಬಿಡುವು ಫಾಲ್ಗುಣ ಚೈತ್ರಗಳದು. ಒಕ್ಕಲಿಗನ ಕಾಲಿಗೆ ವರ್ಷದಲ್ಲಿ ಬಿಡುವು ಸಿಗುವುದು ಆಗಲೇ.

ಕಾರಣ ಹೀಗೆ ಹೊಲದ್ದಾದರೆ, ನೆಪ ಮಾತ್ರ ಬಹಳ ಅಂತಃಕರಣದ್ದು. ಕನ್ನಡ ಸೀಮೆಯವರು ಶ್ರೀಶೈಲದ ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದು ಬಗೆಯುತ್ತಾರೆ. ಹಾಗಾಗಿ ಮಲ್ಲಯ್ಯ ಅಳಿಯ. ಯುಗಾದಿಗೆ ಹೋಗುವುದೆಂದರೆ ಮಗಳಿಗೆ ಸೀರೆ, ಕುಪ್ಪಸ, ಅರಿಸಿನ, ಕುಂಕುಮ ಒಯ್ದು ಕೊಟ್ಟು ಬರುವುದು. ಅದೇ ನಲ್ಲಮಲದಲ್ಲಿ ಬಾಳುವ ಚೆಂಚು ಜನರ ಕಥೆಯಲ್ಲಿ ಮಲ್ಲಯ್ಯ ಚೆಂಚು ಹುಡುಗಿಯನ್ನು ಮೆಚ್ಚಿ ಮದುವೆಯಾದವನು, ಆದ್ದರಿಂದ ಅವರಿಗೂ ಅಳಿಯ. ಎರಡು ಭಾಷೆಯ, ಎರಡು ಜೀವನಕ್ರಮದ ಜನ ಒಬ್ಬನೇ ಅಳಿಯನನ್ನು ಹಂಚಿಕೊಂಡಿರುವುದು ವಿಚಾರಕ್ಕೆ ಎಡೆಮಾಡುವಂಥದು. ಬಯಲಿನವರು ಕಾಡಿನೊಳಗೆ ಕಾಲಿಡುವುದಕ್ಕೆ ಹಕ್ಕು ಬೇಕಲ್ಲ. ಬೀಗತನ ಆ ಹಕ್ಕನ್ನು ಒದಗಿಸುತ್ತದೆ ಎಂದು ನನ್ನ ಊಹೆ.

ಇನ್ನು ಹೊರೆಯ ವಿಷಯ. ಈ ಯಾತ್ರೆಯ ಮುಂದಾಳು ಮನುಷ್ಯನಲ್ಲ, ಕಂಬಿ. ಕಂಬಿ ಎಂದರೆ ಹೆಗಲ ಮೇಲೆ ಅಡ್ಡವಾಗಿಟ್ಟು ಎರಡು ತುದಿಗೆ ಭಾರ ತೂಗುಬಿಡುವ ಕೋಲು. ನೀರು, ಕಾಳು, ಏನನ್ನಾದರೂ ಸಾಗಿಸಲು ನಮ್ಮ ಜನ ಬಳಸುತ್ತಿದ್ದ ಸಾಮಾನ್ಯ ಸಾಧನ ಅದು. ಯಾತ್ರೆಯಲ್ಲಿ ಅದಕ್ಕೆ ಬಟ್ಟೆ ಸುತ್ತಿ, ಗೆಜ್ಜೆ ಕಟ್ಟಿ, ಹೂ ಮುಡಿಸಿ, 'ಮಲ್ಲಯ್ಯನ ಕಂಬಿ' ಎಂದು ಕೈ ಮುಗಿಯುತ್ತಾರೆ. ದೇವರಿಗೆ ಹೊರೆ ಹೊರುವ ಕೋಲು ತಾನೇ ದೇವರಾದ ಬಗೆ ಇದು. ಊರೂರಿನಲ್ಲಿ ಎದುರುಗೊಳ್ಳುವುದು, ಕಾಲಿಗೆ ನೀರು ಹಾಕುವುದು, ಎಲ್ಲ ಸಲ್ಲುವುದು ಕಂಬಿಗೆ. ಹೊತ್ತವನಿಗೆ ಅದರ ಪಾಲು ಅಷ್ಟಿಷ್ಟು ಸಿಗುತ್ತದೆ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ಇಡೀ ದಾರಿ ನಡೆಯುವುದೂ ಉಂಟು. ಅದನ್ನು ನೋಡುವುದಕ್ಕೇ ನನಗೆ ಸಂಕಟವಾಗುತ್ತದೆ; ಆದರೆ ಅವರು ನಗುನಗುತ್ತ ಹೋಗುತ್ತಾರೆ.

ಬುತ್ತಿಯನ್ನು ಕುರಿತು ಎರಡು ಮಾತು ಹೆಚ್ಚೇ ಹೇಳುತ್ತೇನೆ, ಏಕೆಂದರೆ ಉತ್ತರ ಕರ್ನಾಟಕದ ಅಡುಗೆಯ ಒಂದು ಭಾಗ ದಾರಿಗಾಗಿಯೇ ಹುಟ್ಟಿದೆ ಎನ್ನುವುದು ನನ್ನ ನಂಬಿಕೆ. ಕಟಕ ರೊಟ್ಟಿಯನ್ನು ನೋಡಿ. ಜೋಳದ ಇಲ್ಲವೆ ಸಜ್ಜೆಯ ರೊಟ್ಟಿಯನ್ನು ತೆಳ್ಳಗೆ ಬಡಿದು, ತೇವವೆಲ್ಲ ಆರುವವರೆಗೆ ಒಣಗಿಸಿದರೆ ವಾರಗಟ್ಟಲೆ ಬೂಸು ಹಿಡಿಯದು, ತೂಕವೂ ಕಡಿಮೆ. ಜೊತೆಗೆ ಶೇಂಗಾದ ಚಟ್ನಿಪುಡಿ, ಗುರೆಳ್ಳಿನದು, ಅಗಸಿಯದು. ಮೂರರಲ್ಲೂ ಎಣ್ಣೆಯ ಅಂಶ ಹೇರಳ, ನಡೆಯುವ ಮೈಗೆ ಬೇಕಾದ್ದು ಅದೇ. ಅಳ್ಳಿಟ್ಟು ಇನ್ನೂ ಜಾಣತನದ್ದು: ಮೊದಲೇ ಹುರಿದು ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಒಲೆ ಹೂಡುವ ಗೊಡವೆಯಿಲ್ಲ, ಮಜ್ಜಿಗೆಗೋ ಬೆಲ್ಲದ ನೀರಿಗೋ ಕಲಸಿದರೆ ಊಟವಾಯಿತು. ಬೇಸಿಗೆಯ ಒಣ ಕಾಡಿನಲ್ಲಿ ಬೆಂಕಿ ಹಚ್ಚದೆ ಹೊಟ್ಟೆ ತುಂಬಿಸಿಕೊಳ್ಳುವುದು ಎಷ್ಟು ದೊಡ್ಡ ವಿವೇಕ ಎಂಬುದು ನಲ್ಲಮಲವನ್ನು ಚೈತ್ರದಲ್ಲಿ ಕಂಡವರಿಗೆ ಗೊತ್ತು.

ದಾರಿಯ ಮೊದಲ ಮುಕ್ಕಾಲು ಪಾಲು ಬಯಲು. ತಂಡ ತಂಡಕ್ಕೆ ಹಾದಿ ಬೇರೆ. ಸಾಮಾನ್ಯವಾಗಿ ಬಾಗಲಕೋಟೆ, ಹುನಗುಂದ, ಲಿಂಗಸುಗೂರು, ರಾಯಚೂರುಗಳ ಆಸುಪಾಸಿನಲ್ಲಿ ಸಾಗಿ, ಕರ್ನೂಲಿನ ಕಡೆಯಿಂದ ಆತ್ಮಕೂರನ್ನು ಸೇರುತ್ತಾರೆ. ಎರಡು ವಾರಕ್ಕೆ ಮಿಕ್ಕ ಈ ನಡಿಗೆಯ ಉದ್ದಕ್ಕೂ ಊರವರು ಅಂಬಲಿ, ಮಜ್ಜಿಗೆ, ಕಬ್ಬಿನ ಹಾಲು ಹಿಡಿದು ನಿಂತಿರುತ್ತಾರೆ; ರಾತ್ರಿ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಗಡಿ ದಾಟಿದ ಮೇಲೆ ಮಾತು ತೆಲುಗಾಗುತ್ತದೆ, ಮಜ್ಜಿಗೆ ಮಜ್ಜಿಗೆಯೇ ಆಗಿರುತ್ತದೆ. ಇದನ್ನು ಪತ್ರಿಕೆಗಳು ಪ್ರತಿವರ್ಷ ಬರೆಯುವುದರಿಂದ ಇಲ್ಲಿ ಬೆಳಸುವುದಿಲ್ಲ.

ಆತ್ಮಕೂರಿನ ಹತ್ತಿರದ ವೆಂಕಟಾಪುರದಲ್ಲಿ ಬಯಲು ಮುಗಿದು ಕಾಡು ಶುರುವಾಗುತ್ತದೆ. ಅಲ್ಲಿಂದ ನಾಗಲೂಟಿ, ಪೆದ್ದಚೆರುವು, ಮಠಂಬಾವಿ, ಭೀಮುನಿಕೊಲನು, ಕೈಲಾಸದ್ವಾರ, ಹೀಗೆ ಸುಮಾರು 40 ಕಿಲೋಮೀಟರಿನ ಕಾಲುದಾರಿ. ಹೆಸರುಗಳನ್ನು ಸ್ವಲ್ಪ ಗಮನಿಸಬೇಕು. ಚೆರುವು ಎಂದರೆ ಕೆರೆ, ಬಾವಿ ಬಾವಿಯೇ, ಕೊಲನು ಎಂದರೆ ಕೊಳ. ದಾರಿಯನ್ನು ಮೊದಲು ಕಂಡುಕೊಂಡವರು ಗುಡಿಯಿಂದ ಗುಡಿಗೆ ಅಲ್ಲ, ನೀರಿನಿಂದ ನೀರಿಗೆ ಅದನ್ನು ಎಳೆದಿದ್ದಾರೆ. ನಾಗಲೂಟಿಯ ವೀರಭದ್ರನ ಗುಡಿಯಂಥವು ಆಮೇಲೆ ಅದೇ ದಾರಿಯಲ್ಲಿ ಎದ್ದುವು.

ನಾನು ನಿವೃತ್ತಿಯ ಮರುವರ್ಷ ಈ ಕಾಡಿನ ಭಾಗವನ್ನು ಹುಕ್ಕೇರಿಯ ಕಡೆಯ ಒಂದು ತಂಡದೊಂದಿಗೆ ನಡೆದಿದ್ದೇನೆ. ವೆಂಕಟಾಪುರದಲ್ಲಿ, ಇಪ್ಪತ್ತೆಂಟು ಸಲ ಪರ್ವತ ಕಂಡ ಹಿರಿಯರೊಬ್ಬರು ಪ್ರತಿಯೊಬ್ಬರ ಚೀಲವನ್ನೂ ಕೈಯಲ್ಲಿ ಎತ್ತಿ ತೂಗಿ ನೋಡಿದರು. ಬೆಳಗಾವಿಯಿಂದ ಬಂದಿದ್ದ ಒಬ್ಬ ತರುಣನ ಬೆನ್ನಚೀಲವನ್ನು ಎತ್ತಿದವರೇ, "ತಮ್ಮಾ, ಇದರಾಗ ಅರ್ಧಾ ಇಲ್ಲೇ ಬಿಡು. ನೀರಿಂದಷ್ಟ ತುಂಬಿಸಿಕೊ" ಎಂದರು. ನನ್ನ ಚೀಲ ಎತ್ತಿ, "ಸರ್ರ, ನಿಮ್ಮದು ಅಡ್ಡಿಯಿಲ್ಲರಿ. ಪುಸ್ತಕ ಏನ ಮಾಡತೀರಿ, ಇರಲಿ" ಎಂದು ಇಳಿಸಿದರು. ಆ ಪುಸ್ತಕ ರಾಘವಾಂಕನ ಸಿದ್ಧರಾಮ ಚಾರಿತ್ರ. ಅದನ್ನೇಕೆ ಒಯ್ದೆನೆಂಬುದನ್ನು ಮುಂದೆ ಹೇಳುತ್ತೇನೆ.

ಚೈತ್ರದ ನಲ್ಲಮಲ ಹಸಿರಿನ ಕಾಡಲ್ಲ. ದಿಂಡಿಗ, ಮತ್ತಿ, ಹೊನ್ನೆ, ತೇಗಗಳು ಎಲೆ ಕಳಚಿ ನಿಂತಿರುತ್ತವೆ, ಬಿದಿರು ಬಣ್ಣಗೆಟ್ಟಿರುತ್ತದೆ. ನೆರಳಿನ ಆಸೆ ಇಟ್ಟುಕೊಂಡು ಹೋದವನಿಗೆ ನಿರಾಶೆಯಾಗುತ್ತದೆ. ಆದ್ದರಿಂದ ನಸುಕಿನಲ್ಲಿ ಹೊರಟು, ಬಿಸಿಲೇರುವ ಹೊತ್ತಿಗೆ ಒಂದು ನೀರನ್ನು ಮುಟ್ಟಿ ಮಲಗಿ, ಇಳಿಹೊತ್ತಿಗೆ ಮತ್ತೆ ಏಳುವುದು ಕ್ರಮ. ಪೆದ್ದಚೆರುವಿನ ಬಳಿ ಚೆಂಚು ಜನರ ವಸತಿಯಿದೆ. ಅಲ್ಲಿಂದ ಮುಂದಿನ ಭೀಮುನಿಕೊಲನು ಒಂದು ಆಳವಾದ ಕೊಳ್ಳ. ಮೆಟ್ಟಿಲಿಳಿದು ತಳ ಮುಟ್ಟಿ, ಎದುರಿನ ಗೋಡೆಯಂಥ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಏರಿದ ತುದಿಗೆ ಕೈಲಾಸದ್ವಾರ. ಅಲ್ಲಿಯ ತನಕ ಎಷ್ಟೋ ಜನ ಹಾಡುತ್ತಿದ್ದವರು ಕೊಳ್ಳದಲ್ಲಿ ಸುಮ್ಮನಾದದ್ದನ್ನು ಕಂಡೆ. ಉಸಿರು ಹಾಡಿಗೆ ಉಳಿದಿರಲಿಲ್ಲ.

ಈ ಕಲ್ಲಿನ ಮೆಟ್ಟಿಲುಗಳಿಗೆ ಚರಿತ್ರೆಯುಂಟು. 14ನೆಯ ಶತಮಾನದ ಮೊದಲರ್ಧದಲ್ಲಿ ಆಳಿದ ರೆಡ್ಡಿ ಅರಸ ಪ್ರೋಲಯ ವೇಮ ಶ್ರೀಶೈಲಕ್ಕೂ ಅಹೋಬಲಕ್ಕೂ ಸೋಪಾನ ಕಟ್ಟಿಸಿದವನೆಂದು ಹೆಸರಾದವನು. ಅದೇ ಶತಮಾನದ ಕೊನೆಗೆ ವಿಜಯನಗರದ ಎರಡನೆಯ ಹರಿಹರನ ರಾಣಿ ವಿಠ್ಠಲಾಂಬೆ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. 1677ರಲ್ಲಿ ಶಿವಾಜಿ ದಕ್ಷಿಣದ ದಂಡಯಾತ್ರೆಯ ನಡುವೆ ಇಲ್ಲಿಗೆ ಬಂದುಹೋದ. ರಾಜರು ದೇವಾಲಯಕ್ಕೆ ಚಿನ್ನ ಕೊಡುವುದು ಎಲ್ಲೆಡೆ ಇದ್ದದ್ದೇ. ಇಲ್ಲಿ ಅವರು ನಡೆಯುವವನ ಮೊಣಕಾಲಿಗೆ ದಾನ ಮಾಡಿದ್ದಾರೆ. ಗುಡಿಯ ಪ್ರಾಕಾರದ ಗೋಡೆಯಲ್ಲಿ ಸಾಲು ಸಾಲಾಗಿ ಕೆತ್ತಿರುವ ಬೇಟೆಗಾರರು, ಆನೆ, ಹುಲಿ, ಯೋಗಿಗಳು ಮೆಕೆಂಜಿಯ ಗಮನವನ್ನು ಬಹಳವಾಗಿ ಸೆಳೆದುವು. ಕಾಡನ್ನು ದಾಟಿ ಬಂದವನಿಗೆ ಆ ಗೋಡೆ ಅಪರಿಚಿತವೆನಿಸುವುದಿಲ್ಲ. ದಾರಿಯಲ್ಲಿ ಕಂಡದ್ದು, ಕಾಣಬಹುದೆಂದು ಅಂಜಿದ್ದು, ಎಲ್ಲ ಅಲ್ಲಿ ಕಲ್ಲಾಗಿ ನಿಂತಿದೆ.

ಈಗ ಪುಸ್ತಕದ ಮಾತಿಗೆ ಬರುತ್ತೇನೆ. ನಮ್ಮ ತರಗತಿಗಳಲ್ಲಿ ಶಿವಶರಣರ ಸಾಹಿತ್ಯವನ್ನು ಕಲಿಸುವಾಗ ಕಾಡು ಎಂಬ ಮಾತು ಬಂದರೆ ಸಾಕು, ಅದು ಸಂಸಾರದ ಪ್ರತೀಕ, ಕದಳಿ ಎಂದರೆ ದೇಹದ ಪ್ರತೀಕ, ಬೆಟ್ಟವೆಂದರೆ ಸಾಧನೆಯ ಪ್ರತೀಕ ಎಂದು ಟಿಪ್ಪಣಿ ಬರೆಯಿಸುವ ರೂಢಿ ಬಲವಾಗಿ ಬೇರೂರಿದೆ. ಪ್ರತೀಕಗಳಿವೆ, ಅಲ್ಲಗಳೆಯುವುದಿಲ್ಲ. ಆದರೆ ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲಕ್ಕೂ ಹೋದಳೆಂದು ಪರಂಪರೆ ಹೇಳುವಾಗ, ಆ ಮೂರು ಊರುಗಳ ನಡುವೆ ನೇರ ಗೆರೆ ಎಳೆದು ಅಳೆದರೂ 700 ಕಿಲೋಮೀಟರು ಮೀರುತ್ತದೆಂಬುದನ್ನು ಯಾವ ಟಿಪ್ಪಣಿಯೂ ಹೇಳದು. ಒಬ್ಬಳೇ ಹೆಣ್ಣುಮಗಳು, 12ನೆಯ ಶತಮಾನ, ಕೊನೆಯಲ್ಲಿ ಈ ಒಣ ಕಾಡು. ಹಸಿವು, ನಿದ್ದೆ, ನೀರಡಿಕೆಗಳನ್ನು ಆಕೆ ಎದುರಿಸಿದ ಪರಿಯನ್ನು ಓದುವಾಗ, ಆ ಹಸಿವು ನೀರಡಿಕೆಗಳಿಗೆ ಒಂದು ಅಳತೆಯೂ ಒಂದು ಋತುವೂ ಇದ್ದುವೆಂದು ನೆನೆಯುವುದು ಕಾವ್ಯಕ್ಕೆ ಅಪಚಾರವಾಗಲಾರದು. ಹುಕ್ಕೇರಿಯ ಒಬ್ಬ ಒಕ್ಕಲಗಿತ್ತಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಕೆಯ ಹಿಮ್ಮಡಿಗೆ ಅದು ಗೊತ್ತು.

13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥ ತನ್ನ ತೆಲುಗು ಪಂಡಿತಾರಾಧ್ಯ ಚರಿತ್ರದಲ್ಲಿ ಪರ್ವತ ಪ್ರಕರಣವೆಂಬ ಒಂದು ಭಾಗವನ್ನೇ ಇದಕ್ಕೆ ಮೀಸಲಿಟ್ಟ. ಶ್ರೀಶೈಲಕ್ಕೆ ಹೋಗುವ ಜನರ ಗುಂಪು, ಅವರ ವ್ರತಗಳು, ಅವರು ದಾರಿಯಲ್ಲಿ ಹಾಡುವ ಪದಗಳ ಬಗೆಗಳು ಅಲ್ಲಿ ಬರುತ್ತವೆ. 'ಪರ್ವತ ಪದ' ಎಂಬ ಹಾಡಿನ ಜಾತಿಯೇ ಒಂದು ಇತ್ತೆಂದು ನಮಗೆ ತಿಳಿಯುವುದು ಅವನಿಂದ. ನಡೆಯುವವರಿಗಾಗಿ, ನಡೆಯುವ ಲಯಕ್ಕೆ ಕಟ್ಟಿದ ಒಂದು ಸಾಹಿತ್ಯಪ್ರಕಾರ ಆಗಲೇ ಇತ್ತೆಂದಾಯಿತು.

ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ರಾಘವಾಂಕ ಹೇಳುವ ಸಿದ್ಧರಾಮನ ಕಥೆ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಹೊಲ ಕಾಯುವ ಮುಗ್ಧ ಹುಡುಗ. ಜಂಗಮನೊಬ್ಬ ಬಂದು ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎನ್ನುತ್ತಾನೆ, ಉಣ್ಣಲು ಕೇಳುತ್ತಾನೆ. ಹುಡುಗ ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಅವನಿಲ್ಲ. 'ಮಲ್ಲಯ್ಯಾ' ಎಂದು ಕೂಗುತ್ತ ಅಳುತ್ತ ಅಲೆಯುವ ಬಾಲಕ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಜೊತೆ ಸೇರಿಕೊಳ್ಳುತ್ತಾನೆ. ಇದು 350 ಕಿಲೋಮೀಟರಿಗೆ ಕಡಮೆಯಿಲ್ಲದ ದಾರಿ. ಗುಡಿಯಲ್ಲಿ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯ ಎಂದರೆ ಅವನು ಒಪ್ಪುವುದಿಲ್ಲ. ತನ್ನ ಮಲ್ಲಯ್ಯ ಮಾತಾಡಿದ್ದನಲ್ಲ! ಕಾಡಿನಲ್ಲಿ ಹುಡುಕಿ ಹುಡುಕಿ ಕಾಣದೆ ಕೊಳ್ಳಕ್ಕೆ ಹಾರುವ ಗಳಿಗೆಯಲ್ಲಿ ಮಲ್ಲಯ್ಯ ಕೈಹಿಡಿಯುತ್ತಾನೆ. ಇಲ್ಲಿಯ ತನಕದ ಕಥೆ ಎಲ್ಲರಿಗೂ ಗೊತ್ತು, ಕಣ್ಣೀರೂ ಬರುತ್ತದೆ. ನನಗೆ ಬೇಕಾದುದು ಮುಂದಿನದು. ಮಲ್ಲಯ್ಯ ಹುಡುಗನನ್ನು ತನ್ನ ಬಳಿ ಇಟ್ಟುಕೊಳ್ಳುವುದಿಲ್ಲ. ಸೊನ್ನಲಿಗೆಗೆ ಮರಳಿ ಹೋಗು, ಅದನ್ನೇ ಶ್ರೀಶೈಲ ಮಾಡು ಎಂದು ಹಿಂದಕ್ಕೆ ಕಳಿಸುತ್ತಾನೆ. ಸಿದ್ಧರಾಮ ಮರಳಿ ಬಂದು ಕೆರೆ ಕಟ್ಟುತ್ತಾನೆ. ನೀರಿನಿಂದ ನೀರಿಗೆ ಎಳೆದ ದಾರಿಯಲ್ಲಿ ನಡೆದು ಹೋದವನು ಊರಿಗೆ ಬಂದು ಮಾಡಿದ ದೊಡ್ಡ ಕೆಲಸಗಳಲ್ಲಿ ಕೆರೆಯೂ ಒಂದೆಂಬುದು, ಭೀಮುನಿಕೊಲನಿನ ಮೆಟ್ಟಿಲಮೇಲೆ ಕೂತು ಆ ಕಾವ್ಯವನ್ನು ತೆರೆದಾಗ ನನಗೆ ಹೊಸದಾಗಿ ಕಂಡಿತು. ಪುಸ್ತಕ ಒಯ್ದದ್ದು ಅದಕ್ಕೆ.

ಹಾಗಾದರೆ ಈ ಯಾತ್ರೆಯ ಆಕಾರ ಗೆರೆಯಲ್ಲ, ಬಳೆ. ಶ್ರೀಶೈಲಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ದ್ವಾರಗಳನ್ನು ಹೇಳುವುದುಂಟು: ಮೂಡಲಿಗೆ ತ್ರಿಪುರಾಂತಕ, ತೆಂಕಲಿಗೆ ಸಿದ್ಧವಟ, ಪಡುವಲಿಗೆ ಆಲಂಪುರ, ಬಡಗಲಿಗೆ ಉಮಾಮಹೇಶ್ವರ. ಕಾಡಿನ ಸುತ್ತ ಹೀಗೆ ಬಾಗಿಲುಗಳನ್ನಿಟ್ಟಿರುವುದು ಒಳಹೋಗುವುದಕ್ಕೆ ಮಾತ್ರವಲ್ಲವಷ್ಟೆ. ನಮ್ಮ ಕಡೆಯವರಿಗೆ ಸಲ್ಲುವ ಪಡುವಣ ಬಾಗಿಲಾದ ಆಲಂಪುರದಲ್ಲಿ ಬಾದಾಮಿಯ ಚಾಲುಕ್ಯರ ಕಾಲದ ನವಬ್ರಹ್ಮ ಗುಡಿಗಳಿವೆ. ಮಲಪ್ರಭೆಯ ದಂಡೆಯ ಶಿಲ್ಪಿಗಳ ಕೈ ತುಂಗಭದ್ರೆಯ ದಂಡೆಯಲ್ಲೂ ಕಾಣಿಸುವುದೆಂದರೆ ಆ ದಾರಿ ಎಷ್ಟು ಹಳೆಯದೆಂದು ಊಹಿಸಬಹುದು.

ಈ ಬಳೆ 20ನೆಯ ಶತಮಾನದ ನಡುವೆ ಮುರಿಯಿತು. ದೋರ್ನಾಲದ ಕಡೆಯಿಂದ ಮೋಟಾರು ರಸ್ತೆ ಬೆಟ್ಟವನ್ನೇರಿತು. 1960ರಲ್ಲಿ ಆರಂಭವಾಗಿ 1981ರಲ್ಲಿ ಮುಗಿದ ಅಣೆಕಟ್ಟು ಕಮರಿಯ ಎರಡು ದಂಡೆಗಳನ್ನೂ ಹೆದ್ದಾರಿಯ ಜಗತ್ತಿಗೆ ಕೂಡಿಸಿತು. ಈಗ ನಮ್ಮವರು ನಡೆದು ಹೋಗುತ್ತಾರೆ, ಬಸ್ಸಿನಲ್ಲೋ ಲಾರಿಯಲ್ಲೋ ಬರುತ್ತಾರೆ. 16 ದಿನ ಹೋದದ್ದನ್ನು ಒಂದು ರಾತ್ರಿಯಲ್ಲಿ ಹಿಂದಕ್ಕೆ ಸುತ್ತಿಕೊಳ್ಳುತ್ತಾರೆ. ಇದನ್ನು ದೂರುವ ಅಧಿಕಾರ ನನಗಿಲ್ಲ, ನಾನೂ ಬಸ್ಸಿನಲ್ಲೇ ಬಂದೆ. ಆದರೆ ಮರಳುವ ನಡಿಗೆಯಲ್ಲಿ ಏನಿತ್ತೆಂದು ಹೇಳಬಲ್ಲ ತಲೆಮಾರು ಈಗ ಬಹುಮಟ್ಟಿಗೆ ಮುಗಿದಿದೆ.

ಊರಿನ ಕಡೆಯೂ ಬದಲಾಗಿದೆ. 51 ಟಿಎಂಸಿ ನೀರು ಹಿಡಿಯುವ ಹಿಡಕಲ್ ಅಣೆಕಟ್ಟಿನಿಂದ ಬಿಳಿಜೋಳದ ಎಷ್ಟೋ ಹೊಲ ಕಬ್ಬಿನ ಗದ್ದೆಯಾಯಿತು. ಕಬ್ಬಿಗೆ ಫಾಲ್ಗುಣದ ಬಿಡುವು ಗೊತ್ತಿಲ್ಲ. ಕಾರ್ಖಾನೆಯ ಚೀಟಿ ಬಂದ ದಿನ ಕಡಿಯಬೇಕು. ಆದರೂ ಲಕ್ಷಗಟ್ಟಲೆ ಕನ್ನಡಿಗರು ಯುಗಾದಿಗೆ ಪರ್ವತ ಸೇರುತ್ತಾರೆ. 2022ರಲ್ಲಿ ಶ್ರೀಶೈಲದ ಜಗದ್ಗುರುಗಳೇ ಚಿಕ್ಕೋಡಿ ತಾಲೂಕಿನ ಯಡೂರಿನಿಂದ ಶ್ರೀಶೈಲಕ್ಕೆ ಪಾದಯಾತ್ರೆ ಮಾಡಿದರು. ಅದೇ ವರ್ಷದ ಮಾರ್ಚಿ ಕೊನೆಗೆ, ಯುಗಾದಿಯ ಮುನ್ನಾದಿನಗಳಲ್ಲಿ, ಶ್ರೀಶೈಲದಲ್ಲಿ ಯಾತ್ರಿಕರಿಗೂ ಸ್ಥಳೀಯರಿಗೂ ಸಣ್ಣದಾಗಿ ಎದ್ದ ಜಗಳ ಬೆಳೆದು ಅಂಗಡಿ ವಾಹನಗಳು ಜಖಂಗೊಂಡುವು. ಮಗಳ ಮನೆಯ ಅಂಗಳದಲ್ಲಿ ಬೀಗರು ಕಾದಾಡಿದಂತೆ ಆಯಿತು. ಅದನ್ನು ಕೇಳಿ ನಮ್ಮ ಓಣಿಯ ಮುದುಕಿಯರು ಪಟ್ಟ ನಾಚಿಕೆಯನ್ನು ನಾನು ಕಂಡಿದ್ದೇನೆ.

ಕಾಡಿನ ಪಾಡು ಬೇರೆ. ನಲ್ಲಮಲ 1983ರಿಂದ ಹುಲಿ ಯೋಜನೆಯ ಪ್ರದೇಶ. ನಾಗಾರ್ಜುನಸಾಗರ-ಶ್ರೀಶೈಲ ಎಂಬ ಹೆಸರಿನ ಆ ವಿಶಾಲ ರಕ್ಷಿತಾರಣ್ಯ ಆಂಧ್ರ ಒಡೆದಾಗ, 2014ರಲ್ಲಿ, ತಾನೂ ಒಡೆದು ಕೃಷ್ಣೆಯ ಬಡಗಲ ಭಾಗ ಅಮ್ರಾಬಾದ್ ಎನಿಸಿಕೊಂಡಿತು. ವೆಂಕಟಾಪುರದ ಕಾಲುದಾರಿ ತೆರೆಯುವುದು ಶಿವರಾತ್ರಿ, ಯುಗಾದಿಗಳ ಗೊತ್ತಾದ ಕೆಲವು ದಿನ ಮಾತ್ರ. ಇದನ್ನು ಭಕ್ತಿಗೆ ಅಡ್ಡಿ ಎಂದು ಗೊಣಗುವವರಿದ್ದಾರೆ. ದಾರಿಯನ್ನು ಅಗಲಿಸಿ, ದೀಪ ಹಾಕಿಸಿ, ವಾಹನ ಹೋಗುವಂತೆ ಮಾಡಬೇಕೆಂಬವರೂ ಇದ್ದಾರೆ. ನಾನು ಇವರ ಪಕ್ಷ ಅಲ್ಲ. ವಾಹನ ಹೋಗುವ ದಾರಿ ಬೇರೆ ಇದೆಯಲ್ಲ. ಕಾಡಿನ ದಾರಿ ಕಾಡಿನದೇ ಆಗಿರಬೇಕು. ವರ್ಷದ ಉಳಿದ ದಿನ ಹುಲಿಗೆ, ಕೆಲವು ದಿನ ಕಂಬಿಗೆ ಎನ್ನುವ ಈಗಿನ ಏರ್ಪಾಡು ಹಳೆಯ ಬೀಗತನಕ್ಕೆ ಒಪ್ಪುವಂತೆಯೇ ಇದೆ. ನನ್ನನ್ನು ಕಾಡಿದ್ದು ಬೇರೆ: ಪೆದ್ದಚೆರುವಿನ ದಂಡೆಯಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ಕಿನ ಲೋಟಗಳು, ಬಾಟಲಿಗಳು. ಕಟಕ ರೊಟ್ಟಿಯ ಬುತ್ತಿ ಕಾಡಿನಲ್ಲಿ ಏನನ್ನೂ ಬಿಟ್ಟು ಬರುವುದಿಲ್ಲ, ಚೂರು ಬಿದ್ದರೂ ಇರುವೆ ಒಯ್ಯುತ್ತದೆ. ನಮ್ಮ ಹಿರಿಯರು ಆ ದಿನ ಒಂದು ಗೋಣಿಚೀಲ ತುಂಬ ಬಾಟಲಿ ಆರಿಸಿ, ಅದನ್ನು ಕೋಲಿಗೆ ಕಟ್ಟಿ, ಇಬ್ಬರು ಹುಡುಗರ ಹೆಗಲಿಗೇರಿಸಿದರು. ಬೆಳಗಾವಿಯ ತರುಣ ಅವರಲ್ಲೊಬ್ಬ.

ಮರಳಿದ ಮೇಲೆ ಊರಿನಲ್ಲಿ ಐದೇಶಿ ಮಾಡುವ ಪದ್ಧತಿ ಈಗಲೂ ತಪ್ಪಿಲ್ಲ. ಪರ್ವತದಿಂದ ಬಂದ ಕಂಬಿಯನ್ನು ಎದುರುಗೊಂಡು, ಪೂಜಿಸಿ, ಓಣಿಗೆಲ್ಲ ಊಟ ಹಾಕಿದಲ್ಲದೆ ಯಾತ್ರೆ ಮುಗಿಯಿತೆಂದು ಲೆಕ್ಕವಿಲ್ಲ. ಬಸ್ಸಿನಲ್ಲಿ ಬಂದರೇನಾಯಿತು, ಊರ ಹೊರಗೆ ಇಳಿದು ಕಂಬಿಯನ್ನು ಮತ್ತೆ ಹೆಗಲಿಗೇರಿಸಿ ನಡೆದೇ ಒಳಗೆ ಬರುತ್ತಾರೆ. ನಮ್ಮ ತಂಡದ ಹೆಂಗಸರು ಪಾತಾಳಗಂಗೆಯಲ್ಲಿ ಸಣ್ಣ ತಂಬಿಗೆಗಳಲ್ಲಿ ನೀರು ತುಂಬಿ, ಬಾಯಿಗೆ ಬಟ್ಟೆ ಬಿಗಿದು, ರಾತ್ರಿಯಿಡೀ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಐದೇಶಿಯ ದಿನ ಅದನ್ನು ಹನಿಹನಿಯಾಗಿ ಮನೆಮನೆಗೆ ಹಂಚಿದರು. ಉಳಿದದ್ದನ್ನು ಹಿರಿಯರು ತಮ್ಮ ಹೊಲದ ಬದುವಿನಲ್ಲಿ ಹರಿಯುವ ಘಟಪ್ರಭೆಯ ಕಾಲುವೆಗೆ ಸುರಿದು ಬಂದರು.